ಭರಣಿಯೊಳಗಿನ ಕಾವಲು

ನಾಗವೇಣತ್ತೆ ಮಾವಿನ ಮಿಡಿಗಳನ್ನು ಒರೆಸಿ, ಹನಿ ನೀರೂ ಸೋಕದಂತೆ ಕಲ್ಲುಪ್ಪಿನ ಜೊತೆ ಭರಣಿಗೆ ತುಂಬಿದರು.

“ನನ್ನೊಳಗಿರುವುದು ನಮ್ಮ ಮರ ಕೊಟ್ಟ ನೀರು. ನಿನ್ನನ್ನು ಒಳಗೆ ಬಿಡುವುದಿಲ್ಲ,” ಎಂದು ಒಂದು ಮಿಡಿ ಸಿಪ್ಪೆ ಬಿಗಿಹಿಡಿದು ಕೂತಿತು.

“ಬೇಡ ಬಿಡು, ಹೊರಗೇ ಇರುತ್ತೇನೆ,” ಎಂದಿತು ಉಪ್ಪು.

ದಿನಗಳು ಕಳೆದವು. ಮಿಡಿ ಸುಕ್ಕಾಯಿತು, ಸುತ್ತ ನೀರು ತುಂಬಿತು. ಆ ನೀರಿನಲ್ಲಿ ಸೊನೆಯ ಪರಿಮಳವಿತ್ತು. ಮಿಡಿಗೆ ಕೊಂಬೆ, ಗಾಳಿ, ಜೊತೆಗೆ ತೂಗಾಡಿದ ಗೊಂಚಲು ಎಲ್ಲವೂ ನೆನಪಾದವು.

“ಉಪ್ಪಣ್ಣಾ, ನಮ್ಮ ಮರದ ನೀರನ್ನು ಇಲ್ಲಿಗೆ ತಂದವರು ಯಾರು?” ಎಂದು ಕೇಳಿತು.

“ಯಾರೂ ತರಲಿಲ್ಲ ತಮ್ಮಾ, ನಿನ್ನೊಳಗಿಂದಲೇ ಬಂತು. ನೀನು ಒಳಗೆ ಬರುವವರ ಮೇಲೇ ಕಣ್ಣಿಟ್ಟಿದ್ದೆ. ಹೊರಗೆ ಹೋಗುವವರನ್ನು ನೋಡಲೇ ಇಲ್ಲ.”