ಕನ್ನಡಕ ಕೇಳಿದ ಪಾರ್ಟು

"ಇಲ್ಲ ಸಾರ್, ನಾನು ಕದ್ದಿಲ್ಲ" ಅಂದ ಫಿಟ್ಟರ್ ಚೌಡಯ್ಯ. ಮ್ಯಾನೇಜರ್ ವರದರಾಜ್ ಇನ್ನೂ ಬಾಯೇ ಬಿಟ್ಟಿರಲಿಲ್ಲ, ಬರೀ ಗುರಾಯಿಸ್ತಿದ್ರು.

ಫ್ಯಾಕ್ಟರಿಗೆ ಹೊಸದಾಗಿ ಎಆರ್ ಕನ್ನಡಕ ಬಂದಿತ್ತು. ಹಾಕ್ಕೊಂಡು ಮಷೀನ್ ನೋಡಿದ್ರೆ ಯಾವ ಬೋಲ್ಟ್ ಬಿಚ್ಬೇಕು ಅಂತ ಕಣ್ಣೆದುರಿಗೇ ತೋರ್ಸುತ್ತೆ. ಹೊಸಬಳು ಶಶಿರೇಖಾ ಎರಡೇ ದಿನದಲ್ಲಿ ಬೇರಿಂಗ್ ಬದಲಾಯ್ಸೋದು ಕಲ್ತಿದ್ಲು. ಆದ್ರೆ ಇವತ್ತು ಚೌಡಯ್ಯ ರಿಪೇರಿ ಮಾಡಿದ ಪ್ರೆಸ್ ಮಷೀನ್ ಮೇಲೆ ಅದು ಕೆಂಪಗೆ ತೋರ್ಸ್ತು: ಒಂದು ಪಾರ್ಟ್ ಇಲ್ಲ.

"ಕನ್ನಡಕ ಸುಳ್ಳು ಹೇಳಲ್ಲ. ಸಂಜೆಯೊಳಗೆ ಪಾರ್ಟ್ ಬರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರ್ಬೇಡ" ಅಂದ್ರು ವರದರಾಜ್.

ಚೌಡಯ್ಯ ಕನ್ನಡಕ ಹಾಕ್ಕೊಂಡು ನೋಡಿದ. ಕೆಂಪು ಗೆರೆ ಮಷೀನಿನ ಎರಡೂ ಕಡೆಯಿಂದ ಇಳಿದು ನಡುವೆ ಜೋತಾಡ್ತಿತ್ತು. ಸೀದಾ ಗೇಟ್ ಆಚೆ ಹೋದ. ಎರಡು ಮೊಳ ಚೆಂಡುಹೂವಿನ ಹಾರ ತಂದು ಮಷೀನಿಗೆ ಹಾಕಿದ.

"ಈಗ ನೋಡಿ ಸಾರ್."

ಕನ್ನಡಕದಲ್ಲಿ ಹಸಿರು ಬಂತು: ಎಲ್ಲ ಸರಿ.

"ಇದಕ್ಕೆ ಕಲ್ಸೋಕೆ ಮಷೀನ್ ಫೋಟೊ ಕೊಟ್ಟೋರು ಯಾರು ಸಾರ್?"

"ನಾನೇ." ವರದರಾಜ್ ದನಿ ಇಳೀತು. "ಆಯುಧಪೂಜೆ ದಿನ ತೆಗ್ಸಿದ್ದು. ಅವತ್ತೊಂದಿನಾನೇ ನೀವೆಲ್ಲ ಮಷೀನ್ ತೊಳೆಯೋದು."

"ಕನ್ನಡಕದ್ದೇನೂ ತಪ್ಪಿಲ್ಲ ಬಿಡಿ. ಕಲ್ಸಿದ್ದನ್ನ ನೆಟ್ಟಗೆ ಕಲ್ತಿದೆ. ಪಾರ್ಟ್ ಲಿಸ್ಟಿಗೆ ಹಾರ ಸೇರ್ಸ್ಲಾ, ಇಲ್ಲ ಬೇರೆ ಫೋಟೊ ತೆಗೆಸ್ತೀರಾ?"

ವರದರಾಜ್ ಹಾರ ಕಿತ್ತು ಪಕ್ಕಕ್ಕಿಟ್ರು. ಕ್ಯಾಮೆರಾ ತಂದು ಚೌಡಯ್ಯನ ಕೈಗೆ ಕೊಟ್ರು.

"ಇನ್ಮೇಲೆ ಇದಕ್ಕೆ ನೀನೇ ಪಾಠ ಹೇಳು" ಅಂದು, ತಮ್ಮ ರೂಮಿಗೆ ಹೋಗಿ ಬಾಗಿಲು ಎಳ್ಕೊಂಡ್ರು.