ಸಿಟ್ಟಿನ ದನಿ ಮಾತಿಗೆ ಸೇರಿದ್ದು

ಭೂಮಿ ಇನ್ನೂ ಹಸಿ ಹಸಿಯಾಗಿದ್ದ ಕಾಲ. ಆಗ ಕಿವಿಯಿಂದ ತಲೆಯೊಳಕ್ಕೆ ಎರಡು ದಾರಿ, ಒಂದು ಮಾತಿಗೆ, ಇನ್ನೊಂದು ಹಾಡಿಗೆ. ನಡುವೆ ಗೋಡೆ. ಮಾತು ಸುದ್ದಿ ಮುಟ್ಟಿಸಿ ಸುಮ್ಮನಾಗುತ್ತಿತ್ತು. ಅಳು, ನಗು, ಸಿಟ್ಟು ಎಲ್ಲ ಹಾಡಿನ ದಾರಿಯಲ್ಲೇ ಹೋಗಬೇಕು. ಹಾಡುವುದಾದರೂ ಬೀಸುವಕಲ್ಲಿನ ಮುಂದೆ ಮಾತ್ರ. ಬೇರೆಲ್ಲಾದರೂ ಹಾಡಿದರೆ ಹಿಟ್ಟು ಮುನಿಯುತ್ತದೆ ಎಂದು ಹೆಂಗಸರು ನಂಬಿದ್ದರು. ಎಂಥ ಹುಚ್ಚು ನಂಬಿಕೆ ನೋಡಿ.

ದ್ಯಾಮವ್ವನ ಊರಿಗೆ ಇದ್ದದ್ದು ಒಂದೇ ಒರತೆ. ಅದರಲ್ಲಿ ಒಂದು ಕೋಣ ಬಂದು ಬಿದ್ದುಕೊಂಡಿತು. ನೀರೆಲ್ಲ ರಾಡಿಯಾಯಿತು. ರಾಡಿ ಕುಡಿದ ಅವಳ ಎಳೆಗೂಸು ಹೊಟ್ಟೆನೋವಿನಿಂದ ಬಾಡಿಹೋಯಿತು.

ದ್ಯಾಮವ್ವ ಒರತೆಗೆ ಹೋಗಿ, ಬಿಸಿಲು ಬಿದ್ದಿದೆ ಅನ್ನುವಷ್ಟೇ ಸಪ್ಪೆಯಾಗಿ ಹೇಳಿದಳು. “ಕೋಣಪ್ಪಾ, ಎದ್ದು ಹೋಗು. ನಿನ್ನ ರಾಡಿ ಕುಡದು ನನ್ನ ಕೂಸು ಸಾಯಾಕತ್ತೇತಿ.”

“ಹೌದೇನ ಯವ್ವಾ? ತಿಳೀತ ಬಿಡು,” ಎಂದಿತು ಕೋಣ. ಬಾಲವನ್ನೂ ಅಲ್ಲಾಡಿಸಲಿಲ್ಲ.

ದ್ಯಾಮವ್ವನಿಗೆ ಸಿಟ್ಟು ಬಂತು. ಮನೆಗೆ ಬಂದು, ಬೀಸುವಕಲ್ಲಿನ ಮುಂದೆ ಕೂತು, ಆ ಸಿಟ್ಟನ್ನೆಲ್ಲ ಹಾಡಿದಳು. ಕಲ್ಲು ಗಡಗಡ ನಡುಗಿತು. ಪಾಪ, ಕಲ್ಲೇನು ತಪ್ಪು ಮಾಡಿತ್ತು?

ಮರುದಿನವೂ ಅದೇ ಸಪ್ಪೆ ಮಾತು, ಅದೇ “ತಿಳೀತ ಬಿಡು.” ಮತ್ತೆ ಕಲ್ಲಿನ ಮುಂದೆ ಅದೇ ಹಾಡು.

ಹಾಡಿನ ನಡುವೆಯೇ ಕೂಸಿನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ದ್ಯಾಮವ್ವ ಕಲ್ಲಿನ ಗೂಟ ಬಿಟ್ಟು ಎದ್ದಳು. ಹಿಟ್ಟು ಮುನಿದರೆ ಮುನಿಯಲಿ. ಕೂಸನ್ನು ಸೊಂಟಕ್ಕೇರಿಸಿ ಒರತೆಗೆ ಓಡಿದಳು. ಹಾಡು ಇನ್ನೂ ಗಂಟಲಲ್ಲೇ ಇತ್ತು, ಮಾತು ಅದರ ಜೊತೆಗೇ ಹೊರಬಿತ್ತು.

“ಏಳೋ ಮೂಳಾ, ಏಳು! ನನ್ನ ಕೂಸಿನ ನೀರು ಬಿಡು!”

ಮಾತು, ಹಾಡು ಒಟ್ಟಿಗೇ ಕೋಣನ ಕಿವಿಗೆ ನುಗ್ಗಿದವು. ನಡುವಿನ ಗೋಡೆ ಧಡ್ಡನೆ ಬಿತ್ತು. ಕೋಣ ಕೆಸರು ಸಮೇತ ಎದ್ದಿತು. “ಯವ್ವಾ, ಮೊದಲ ಹಿಂಗ ಹೇಳಬಾರದಿತ್ತೇನ?” ಎನ್ನುತ್ತಾ ಓಟ ಕಿತ್ತಿತು. ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಅನ್ನುವವರು ಅವತ್ತು ಅಲ್ಲಿರಬೇಕಿತ್ತು.

ಆ ಕೂಗಿಗೆ ಸೊಂಟದ ಮೇಲಿದ್ದ ಕೂಸಿನ ತಲೆಯ ಗೋಡೆಯೂ ಬಿದ್ದಿತ್ತು. ಅದು ಬೆಚ್ಚಿ ಅತ್ತಿತು. “ನಿನಗಲ್ಲ ಕಂದಾ, ನಿನಗ ಬೈಲಿಲ್ಲ,” ಎಂದಳು ದ್ಯಾಮವ್ವ, ದನಿ ಇಳಿಸಿ. ಮಾತು ತಿಳಿಯದ ಕೂಸು ಸುಮ್ಮನಾಯಿತು. ರಾಡಿ ತಳಕ್ಕೆ ಇಳಿದ ಮೇಲೆ ಅವಳ ಬೊಗಸೆಯಿಂದ ತಿಳಿನೀರು ಕುಡಿದು ಬದುಕಿತು.

ಆ ಕೂಗು ಊರೂರಿಗೆ ಹಬ್ಬಿ ಎಲ್ಲರ ತಲೆಯ ಗೋಡೆಯೂ ಬಿತ್ತು, ಮತ್ತೆ ಯಾರ ತಲೆಯಲ್ಲೂ ಏಳಲಿಲ್ಲ. ಅದಕ್ಕೇ ನೋಡಿ, ಒಂದು ಮಾತೂ ತಿಳಿಯದ ತೊಟ್ಟಿಲ ಕೂಸು, ಅವ್ವನ ದನಿ ಒಂಚೂರು ಗಡುಸಾದರೂ ಸಾಕು, ಇವತ್ತಿಗೂ ತುಟಿ ಸೊಟ್ಟ ಮಾಡುತ್ತದೆ.