ಕುರಿಯ ಕಾಲಿನಲ್ಲಿ ಸವೆಯದೆ ಉಳಿದದ್ದು

ತುಂಗಭದ್ರೆಯ ದಡದ ಆಶ್ರಮದಲ್ಲಿ ಒಂದು ಮೂಳೆ ಆಸ್ಪತ್ರೆಯಿತ್ತು. ಅಲ್ಲಿ ಡಾಕ್ಟರ್ ಪಂಪಣ್ಣನವರ ಶಿಷ್ಯೆ ಕುಮುದಿನಿ ಹೊಸದೊಂದು ಜೆಲ್ ತಯಾರಿಸಿದ್ದಳು. ಸೂಜಿಯಲ್ಲಿರುವಾಗ ನೀರಿನಂತೆ, ಮೈಯೊಳಗೆ ಹೋದೊಡನೆ ಗಟ್ಟಿಯಾಗಿ ಮೂಳೆಯ ಖಾಲಿ ಜಾಗ ತುಂಬುತ್ತಿತ್ತು. ಅದರ ಆಸರೆಯಲ್ಲಿ ಹೊಸ ಮೂಳೆ ಬೆಳೆಯಬೇಕು. ಸುಣ್ಣದ ಅಂಶವನ್ನೂ ಬೆರೆಸಿದ್ದಳು.

ಕಾಲು ಮುರಿದ ಕುರಿಯೊಂದಕ್ಕೆ ಉಕ್ಕಿನ ಪಟ್ಟಿ ಬಿಗಿದು, ಮೂಳೆಯ ಖಾಲಿ ಜಾಗಕ್ಕೆ ಅದನ್ನು ಚುಚ್ಚಿದಳು. ಮಳೆಗಾಲ ಕಳೆಯುವಷ್ಟರಲ್ಲಿ ಕುರಿ ಓಡಾಡತೊಡಗಿತು.

ಮುಂದಿನ ಸರದಿ ಹರಿಗೋಲು ನಡೆಸುವ ದಾವಲಸಾಬನದು. ಅಪಘಾತದಲ್ಲಿ ಅವನ ಕಾಲಿನ ಮೂಳೆಯ ಒಂದು ತುಂಡೇ ಹೋಗಿತ್ತು. ಕಾಲು ತೆಗೆಯಬೇಕೆಂದು ಬೇರೆ ಡಾಕ್ಟರುಗಳು ಹೇಳಿದ್ದರು. "ನಾನು ಉಳಿಸ್ತೀನಿ" ಎಂದು ಕುಮುದಿನಿ ಮಾತು ಕೊಟ್ಟಿದ್ದಳು.

"ಕುರಿಯ ಕಾಲು ತೆರೆದು ನೋಡಿದೆಯಾ?" ಗುರುಗಳು ಕೇಳಿದರು.

"ಅದು ಓಡ್ತಾ ಇದೆ, ಸರ್. ಎಕ್ಸ್‌ರೇಯಲ್ಲೂ ಬೆಳ್ಳಗೆ ತುಂಬಿಕೊಂಡಿದೆ."

"ತೆರೆ."

ಕುರಿಗೆ ಮತ್ತು ಬರಿಸಿ ಮಲಗಿಸಿದರು. ಕುಮುದಿನಿ ಚರ್ಮ ಬಿಡಿಸಿದಳು. ಜೆಲ್ ತುಂಬಿದಂತೆಯೇ ಕುಳಿತಿತ್ತು.

"ನೋಡಿ ಸರ್, ಒಂದಿಷ್ಟೂ ಸವೆದಿಲ್ಲ!"

ಪಂಪಣ್ಣ ಚಿಮಟ ಹಾಕಿ ಎಳೆದರು. ಅದು ಇಡಿಯಾಗಿ, ಹುಳುಕು ಹಲ್ಲಿನಂತೆ ಕಿತ್ತು ಬಂತು. ಅವಳ ಅಂಗೈಮೇಲಿಟ್ಟರು. ಒಂದು ಹನಿ ರಕ್ತವೂ ಅದರೊಳಗೆ ಇಳಿದಿರಲಿಲ್ಲ. ಮೂಳೆಯಲ್ಲಿ ಖಾಲಿ ಜಾಗ ಹಾಗೇ ಬಾಯಿ ತೆರೆದುಕೊಂಡಿತ್ತು.

ಕುಮುದಿನಿ ಅದನ್ನು ತಿರುಗಿಸಿ ನೋಡಿದಳು.

"ಹಾಗಾದರೆ... ಇದು ಓಡಾಡಿದ್ದು?"

"ಪಕ್ಕದಲ್ಲಿ ನೀನು ಬಿಗಿದ ಉಕ್ಕಿನ ಪಟ್ಟಿಯ ಬಲದಿಂದ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡದ್ದು ನೀನು ಬೆರೆಸಿದ ಸುಣ್ಣ."

"ನಾಳೆ ನಾನು ಇದನ್ನೇ ದಾವಲಸಾಬರಿಗೆ ಚುಚ್ಚೋಳಿದ್ದೆ..."

"ಹೋಗಿ ಹೇಳು."

ದಾವಲಸಾಬ್ ಜಗುಲಿಯ ಮೇಲೆ ಕೂತಿದ್ದ. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ತನ್ನ ಕಾಲನ್ನೇ ನೋಡುತ್ತ ಉಳಿದ.

"ಉಳಿಸ್ತೀನಿ ಅಂದಿದ್ರಲ್ಲವ್ವಾ?"

"ಅಂದಿದ್ದೆ."



ಮರಳಿ ಬಂದಾಗ ಗುರುಗಳು ಕುರಿಯ ಗಾಯ ಹೊಲಿಯುತ್ತಿದ್ದರು. ಕುಮುದಿನಿ ಬಾಗಿಲಲ್ಲೇ ನಿಂತಳು.

"ಗಟ್ಟಿಯಿದ್ದಷ್ಟೂ ಒಳ್ಳೇದು ಅಂದುಕೊಂಡಿದ್ದೆ, ಸರ್. ಮೂಳೆ ಬರಬೇಕಾದ ಜಾಗದಲ್ಲಿ ಅದೇ ಕರಗದೆ ಕೂತುಬಿಟ್ಟಿತು."

ಪಂಪಣ್ಣ ದಾರ ಕತ್ತರಿಸಿದರು.

"ಇನ್ನೊಮ್ಮೆ ಮಾಡ್ತೀನಿ, ಸರ್. ದಾವಲಸಾಬರನ್ನು ಯಾವಾಗ ಒಳಗೆ ಕರೆಯಲಿ?"

"ಇನ್ನೊಂದು ಕುರಿಯ ಕಾಲನ್ನು ಹೀಗೇ ತೆರೆದು, ನಿನ್ನ ಜೆಲ್ ಎಲ್ಲಿ ಹೋಯಿತೆಂದು ಹುಡುಕಿ, ಅದು ಸಿಗದೆ ಅಲ್ಲಿ ಬರೀ ಮೂಳೆಯೇ ಇದ್ದ ದಿನ."